ಎಡೆ ಕೊಡುವ ಎಳೆ

ನಮ್ಮ ಜನ ತೂತನ್ನು ಎಂದೂ ಒಳ್ಳೆಯ ಮಾತಿಗೆ ಬಳಸಿದವರಲ್ಲ. ಗಳಿಸಿದ್ದು ನಿಲ್ಲದ ಸಂಸಾರವನ್ನು ತೂತು ಮಡಕೆಗೆ ಹೋಲಿಸುತ್ತಾರೆ. ಇನ್ನೊಬ್ಬರ ತಪ್ಪನ್ನೇ ಅರಸುತ್ತ ಹೋಗುವವನ ಚಾಳಿಗೆ ಪಂಡಿತರು ಇಟ್ಟ ಹೆಸರು ‘ರಂಧ್ರಾನ್ವೇಷಣೆ’. ‘ಎಲ್ಲರ ಮನೆಯ ದೋಸೆಯೂ ತೂತೇ’ ಎಂಬ ಗಾದೆಯಲ್ಲಿ ಒಂದು ಬಗೆಯ ಸಮಾಧಾನವಿದೆ, ನಿಜ. ಆದರೆ ಆ ಸಮಾಧಾನ ಎಲ್ಲರಲ್ಲಿಯೂ ಕೊರತೆಯುಂಟು ಎಂಬ ತಿಳಿವಿನಿಂದ ಬಂದದ್ದೇ ಹೊರತು, ತೂತು ಒಳ್ಳೆಯದೆಂಬ ಮೆಚ್ಚುಗೆಯಿಂದ ಬಂದದ್ದಲ್ಲ. ಪಾಪ, ದೋಸೆಯ ಪಕ್ಷ ವಹಿಸಿ ಮಾತನಾಡುವವರೇ ಇಲ್ಲ! ಹಿಟ್ಟು ಹುದುಗಿದಾಗ ಹುಟ್ಟಿದ ಗಾಳಿ, ಕಾವಲಿಯ ಕಾವಿಗೆ ಗುಳ್ಳೆಗಳಾಗಿ ಹೊರಟ ದಾರಿಯೇ ಆ ತೂತು. ಅದಿಲ್ಲದ ದೋಸೆ ಹಲ್ಲಿಗೆ ಚಕ್ಕಳ. ಅದಿದ್ದರೆ ಮೃದು, ಮೇಲೆ ಹಾಕಿದ ಬೆಣ್ಣೆಗೆ ಒಳಗಿಳಿಯಲು ನೂರು ಬಾಗಿಲು.

ತೂತು, ರಂಧ್ರ ಎಂಬ ಮಾತುಗಳಿಗೆ ಅಂಟಿಕೊಂಡಿರುವ ಈ ಕಳಂಕ ನಮ್ಮ ಇನ್ನೊಂದು ಹಳೆಯ ಮಾತಿಗೆ ಇಲ್ಲ. ಆ ಮಾತು ‘ಎಡೆ’. ಎಡೆ ಎಂದರೆ ಸ್ಥಳ, ಎರಡರ ನಡುವಣ ತೆರವು, ಅವಕಾಶ. ಹಬ್ಬದ ದಿನ ದೇವರಿಗೂ ಗತಿಸಿದ ಹಿರಿಯರಿಗೂ ಬಡಿಸಿಡುವ ಅನ್ನವೂ ಎಡೆಯೇ. ಇರಲು ಜಾಗ, ಉಣ್ಣಲು ಅನ್ನ - ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಭಾಷೆ ನಮ್ಮದು. ನಾಲ್ಕು ದಶಕಗಳ ಕಾಲ ಕನ್ನಡ ಪಾಠ ಹೇಳಿದ ನನಗೆ ಈ ಮಾತಿನ ಪೂರ್ಣ ಅರ್ಥ ಹೊಳೆದದ್ದು ನಿಘಂಟಿನಲ್ಲಿ ಅಲ್ಲ. ಗಾಯ ಮಾಯಿಸುವ ಬಟ್ಟೆ, ರಕ್ತ ಶೋಧಿಸುವ ಪೊರೆ, ಜೀವಕೋಶಗಳಿಗೆ ಮನೆಯಾಗುವ ಸೊಪ್ಪಿನ ಎಲೆ - ಇವುಗಳ ವಿಷಯವನ್ನು ಓದುವಾಗ. ಈ ಮೂರರ ಹಿಂದೆಯೂ ಇರುವುದು ಒಂದೇ ವಸ್ತು. ಅದರ ಹೆಸರು ಸೆಲ್ಯುಲೋಸ್.

ಸೆಲ್ಯುಲೋಸ್ ನಿಮಗೆ ಅಪರಿಚಿತವಾದದ್ದೇನೂ ಅಲ್ಲ. ನೀವು ತೊಟ್ಟ ಹತ್ತಿಯ ಅಂಗಿ, ಕುಳಿತ ಬೆಂಚು, ಕೈಯಲ್ಲಿ ಹಿಡಿದಿರುವ ಈ ಪುಸ್ತಕದ ಹಾಳೆ - ಇವೆಲ್ಲವುಗಳಲ್ಲಿಯೂ ಅದೇ ಇದೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಸೆಲ್ಯುಲೋಸ್. ಹತ್ತಿಯ ಎಳೆಯಲ್ಲಾದರೆ ನೂರಕ್ಕೆ ತೊಂಬತ್ತು ಪಾಲಿಗೂ ಮಿಗಿಲು. ಬೇರೆ ಬೇರೆ ಸಸ್ಯಗಳ ದೇಹದಿಂದ ಇದನ್ನು ಬೇರ್ಪಡಿಸಿ, ಎಲ್ಲದರಲ್ಲಿಯೂ ಇರುವುದು ಒಂದೇ ವಸ್ತುವೆಂದು 1838ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್. ಹುಲ್ಲಿಗೂ ತೇಗಕ್ಕೂ ಒಂದೇ ನೂಲು ಎಂಬುದು ಅಂದು ತಿಳಿದಂತಾಯಿತು.

ಆ ನೂಲನ್ನು ಪೋಣಿಸಿರುವುದು ಗ್ಲೂಕೋಸ್ ಎಂಬ ಸಕ್ಕರೆಯ ಮಣಿಗಳಿಂದ. ನಾವು ಉಣ್ಣುವ ಅಕ್ಕಿಯ ಪಿಷ್ಟವೂ ಅದೇ ಮಣಿಗಳ ಸರವೇ. ಹಾಗಾದರೆ ಅನ್ನವೂ ಹತ್ತಿಯೂ ಒಂದೇ ಏಕಾಗಲಿಲ್ಲ? ಪೋಣಿಸಿದ ರೀತಿ ಬೇರೆ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಮುಖವಾಗಿ ಕುಳಿತಿವೆ. ಅದರಿಂದ ಸರ ಸುರುಳಿ ಸುತ್ತಿಕೊಳ್ಳುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಮಣಿ ಅತ್ತ ಮುಖವಾದರೆ ಮುಂದಿನದು ಇತ್ತ ಮುಖ. ಅದರಿಂದ ಸರ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಸರಗಳು ಒಂದರ ಪಕ್ಕ ಒಂದು ಒರಗಿ, ಜಲಜನಕದ ಬಂಧಗಳಿಂದ ಪರಸ್ಪರ ಕೈ ಹಿಡಿದು ಗಟ್ಟಿಯಾದ ಎಳೆಯಾಗುತ್ತವೆ. ಈ ಎಳೆಗೆ ನೀರೆಂದರೆ ಪ್ರೀತಿ, ಆದರೆ ನೀರಿನಲ್ಲಿ ಅದು ಕರಗುವುದಿಲ್ಲ. ನೆನೆಯುತ್ತದೆ, ಉಬ್ಬುತ್ತದೆ, ತನ್ನತನ ಬಿಡುವುದಿಲ್ಲ. ಹಸುವಿನ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಈ ಸರವನ್ನು ಕತ್ತರಿಸಬಲ್ಲವು. ನಮ್ಮ ದೇಹದಲ್ಲಿ ಅದನ್ನು ಕತ್ತರಿಸುವ ಕಿಣ್ವವಿಲ್ಲ. ಅದರಿಂದಲೇ ಹುಲ್ಲು ಹಸುವಿಗೆ ಆಹಾರ, ನಮಗೆ ಅಲ್ಲ. ಊಟದ ದೃಷ್ಟಿಯಿಂದ ನಮಗಿರುವ ಈ ಅಸಾಮರ್ಥ್ಯವೇ ವೈದ್ಯದ ದೃಷ್ಟಿಯಿಂದ ಒಂದು ಅನುಕೂಲವಾಗಿ ಪರಿಣಮಿಸಿರುವುದು ಸೋಜಿಗದ ಸಂಗತಿ.

ಈ ನೂಲಿನಿಂದ ಗಿಡ ಕಟ್ಟುವುದು ಗೋಡೆಯನ್ನಾದರೂ, ಗೋಡೆಗಾಗಿ ಗೋಡೆ ಕಟ್ಟುವವರು ಯಾರೂ ಇಲ್ಲವಷ್ಟೆ? ಗೋಡೆ ಕಟ್ಟುವುದು ಕೋಣೆಗಾಗಿ. 1665ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್, ಬೆಂಡಿನ ತೆಳುವಾದ ಹೋಳೊಂದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದಾಗ ಕಂಡದ್ದನ್ನು ವರ್ಣಿಸಿದ್ದಾನೆ. ಅವನಿಗೆ ಕಂಡದ್ದು ಜೇನುಹುಟ್ಟಿನಂತೆ ಸಾಲುಗಟ್ಟಿದ ಬರಿಯ ಕೋಣೆಗಳು. ಜೀವ ಅಲ್ಲಿಂದ ಎಂದೋ ಹೊರಟುಹೋಗಿತ್ತು. ಮನೆ ಮಾತ್ರ ಉಳಿದಿತ್ತು. ಹೀಗೆ ಉಳಿದ ಬರಿದಾದ ಮನೆಯಲ್ಲಿ ಬೇರೊಂದು ಜೀವವನ್ನು ಒಕ್ಕಲಿರಿಸಬಹುದೆಂದು ಮನುಷ್ಯನಿಗೆ ಹೊಳೆಯಲು ಮುಂದೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಸೆಲ್ಯುಲೋಸಿಗೂ ಗಾಯಕ್ಕೂ ಇರುವ ನಂಟು ಬಹಳ ಹಳೆಯದು. ಗಾಯವಾದಾಗ ಹತ್ತಿ ಒತ್ತುವುದು ಮನೆಮನೆಯ ರೂಢಿ. ಆದರೆ ಗಿಡದಿಂದ ಆಗಷ್ಟೇ ಬಿಡಿಸಿದ ಹತ್ತಿಯನ್ನು ನೀರಿನ ಮೇಲೆ ಹಾಕಿ ನೋಡಿ, ಅದು ಮುಳುಗುವುದಿಲ್ಲ. ಎಳೆಯ ಮೈಗೆ ಮೇಣದ ತೆಳುವಾದ ಲೇಪವಿದೆ. ಆ ಮೇಣವನ್ನು ತೊಳೆದು ತೆಗೆದರೆ ಅದೇ ಹತ್ತಿ ಕ್ಷಣಮಾತ್ರದಲ್ಲಿ ನೀರು ಕುಡಿದು ತಳ ಸೇರುತ್ತದೆ. ಹೀಗೆ ಹೀರುವ ಗುಣ ಪಡೆದ ಹತ್ತಿಯನ್ನು ಎರಡು ಜಾಳು ಬಟ್ಟೆಗಳ ನಡುವೆ ಹರಡಿ ಗಾಯದ ಮೆತ್ತೆಯಾಗಿ ಬಳಕೆಗೆ ತಂದವನು ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಜೋಸೆಫ್ ಸ್ಯಾಂಪ್ಸನ್ ಗ್ಯಾಮ್ಜಿ. ಅದು 1880ರ ಮಾತು. ಎಳೆ ಎಳೆಗಳ ನಡುವಣ ಎಡೆಯಲ್ಲಿ ಗಾಯದ ಸ್ರಾವ ಸೇರಿಕೊಳ್ಳುತ್ತಿತ್ತು. ವೈದ್ಯನ ಕೈಗೆ ಅದೊಂದು ದೊಡ್ಡ ಆಸರೆಯಾಯಿತು.

ಹೀರುವುದು ಗುಣವೇ, ಆದರೆ ಅತಿಯಾಗಿ ಹೀರುವುದರ ಕಷ್ಟವನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ. ನನ್ನ ತಮ್ಮನಿಗೆ ಆಗ ಐದು ವರ್ಷ. ಬಚ್ಚಲುಮನೆಯ ಹಂಡೆಯಿಂದ ತೋಡಿದ ಕುದಿಯುವ ನೀರು ಅವನ ಪಾದದ ಮೇಲೆ ಚೆಲ್ಲಿತು. ಊರಿನ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿ, ಜಾಳಾದ ಹತ್ತಿಯ ಬಟ್ಟೆ ಸುತ್ತಿದರು. ದಿನ ಬಿಟ್ಟು ದಿನ ಅದನ್ನು ಬದಲಿಸಬೇಕು. ಕಂಪೌಂಡರು ವಯಸ್ಸಾದವರು, ಬಹಳ ಮೃದು ಸ್ವಭಾವದವರು. ಬೆಚ್ಚಗಿನ ನೀರಿನಿಂದ ನೆನೆಸಿ ನೆನೆಸಿ, “ಇಷ್ಟೇ ಮಗು, ಇನ್ನು ಇಷ್ಟೇ” ಎನ್ನುತ್ತ ಬಿಡಿಸುತ್ತಿದ್ದರು. ಆದರೂ ಒಣಗಿದ ಬಟ್ಟೆ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ಬರುವಾಗ ತನ್ನೊಡನೆ ಎರಡು ದಿನಗಳಲ್ಲಿ ಚಿಗುರಿದ ಹೊಸ ಚರ್ಮವನ್ನೂ ಕಿತ್ತುಕೊಂಡು ಬರುತ್ತಿತ್ತು. ಅಮ್ಮ ಅವನ ಮುಖವನ್ನು ತನ್ನ ಸೆರಗಿನಲ್ಲಿ ಹುದುಗಿಸಿಕೊಂಡು ಗೋಡೆಯತ್ತ ನೋಡುತ್ತಿದ್ದಳು. ನಾನು ಹೊರಗಿನ ಜಗಲಿಯ ಮೇಲೆ ಕಿವಿ ಮುಚ್ಚಿಕೊಂಡು ಕುಳಿತಿರುತ್ತಿದ್ದೆ. ಅವನ ಗಾಯ ಮಾಯಿತು. ಅವನಿಗೆ ಆ ದಿನಗಳು ಈಗ ನೆನಪಿಲ್ಲ. ನೆನಪಿರುವುದು ನನಗೆ.

ಗಾಯ ಒಣಗಬೇಕು, ಒಣಗಿದರೇ ಮಾಯುವುದು ಎಂಬ ನಂಬಿಕೆ ಅಂದು ಎಲ್ಲೆಡೆಯೂ ಇದ್ದಿತು. ಅದು ನಿಜವೇ ಎಂದು ಪರೀಕ್ಷಿಸಿ ನೋಡಿದವನು ಜಾರ್ಜ್ ವಿಂಟರ್. ಅವನು ಹಂದಿಮರಿಗಳ ಚರ್ಮದ ಮೇಲಿನ ಕೆಲವು ಸಣ್ಣ ಗಾಯಗಳನ್ನು ಗಾಳಿಗೆ ತೆರೆದಿಟ್ಟ. ಮತ್ತೆ ಕೆಲವನ್ನು ತೆಳುವಾದ ಹಾಳೆಯಿಂದ ಮುಚ್ಚಿ ತೇವ ಆರದಂತೆ ಇರಿಸಿದ. ತೇವವಾಗಿದ್ದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿಕೊಂಡಿತ್ತು. ಕಾರಣ ಸರಳವಾದದ್ದು. ಗಾಯದ ಅಂಚಿನಿಂದ ಹೊಸ ಜೀವಕೋಶಗಳು ತೆವಳುತ್ತ ನಡುವಿಗೆ ಬರಬೇಕು. ಮೇಲೆ ಹಕ್ಕಳೆ ಕಟ್ಟಿದರೆ ಅವು ಅದರ ಅಡಿಯಲ್ಲಿ ಸುರಂಗ ಕೊರೆದಂತೆ ದಾರಿ ಮಾಡಿಕೊಳ್ಳಬೇಕಾಗುತ್ತದೆ. ತೇವವಿದ್ದರೆ ನೇರವಾಗಿ ಹರಿದು ಬರುತ್ತವೆ. ವಿಂಟರನ ಲೇಖನ 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಒಂದು ಹೊಸ ತಿಳಿವು ಪತ್ರಿಕೆಯ ಪುಟದಿಂದ ಹೊರಟು ಪುಟ್ಟ ಊರಿನ ಕಂಪೌಂಡರ ಬಟ್ಟಲಿಗೆ ಬಂದು ಸೇರಲು ಬಹಳ ವರ್ಷಗಳು ಹಿಡಿಯುತ್ತವೆ.

ಹಾಗಾದರೆ ಬೇಕಾದದ್ದು ಎಂಥ ಹೊದಿಕೆ? ತೇವವನ್ನು ಹಿಡಿದಿಡಬೇಕು, ಹೆಚ್ಚಾದ ಸ್ರಾವವನ್ನು ಹೀರಬೇಕು, ಗಾಳಿಗೆ ದಾರಿ ಕೊಟ್ಟು ಕ್ರಿಮಿಗೆ ಕೊಡಬಾರದು, ಗಾಯಕ್ಕೆ ಕಚ್ಚಬಾರದು. ಇಷ್ಟು ಗುಣಗಳ ಬಟ್ಟೆಯನ್ನು ಯಾವ ಮಗ್ಗ ನೇಯಬೇಕು? ನೇಯುವ ಮಗ್ಗ ಮನುಷ್ಯನದಲ್ಲ, ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾದ್ದು. ಹುಳಿ ದ್ರವಗಳ ಮೇಲೆ ಕೆಲವೊಮ್ಮೆ ತೇಲುವ ಲೋಳೆಯಂಥ ಕೆನೆಯನ್ನು ಪರೀಕ್ಷಿಸಿದ ಏಡ್ರಿಯನ್ ಬ್ರೌನ್ ಎಂಬ ಆಂಗ್ಲ ವಿಜ್ಞಾನಿ, ಅದು ಬ್ಯಾಕ್ಟೀರಿಯಾ ನೂತ ಸೆಲ್ಯುಲೋಸ್ ಎಂದು 1886ರಲ್ಲಿ ತಿಳಿಸಿದ. ಸಕ್ಕರೆಯ ನೀರಿನಲ್ಲಿ ಬೆಳೆಯುವ ಈ ಜೀವಿ, ಗಾಳಿ ಸಿಗುವ ಮೇಲ್ಮೈಯಲ್ಲಿ ನಿಲ್ಲುವುದಕ್ಕಾಗಿ ಎಳೆಗಳನ್ನು ಹೊರಹಾಕಿ ತನಗೊಂದು ತೆಪ್ಪವನ್ನು ನೇಯ್ದುಕೊಳ್ಳುತ್ತದೆ. ಫಿಲಿಪ್ಪೀನ್ಸಿನ ಜನ ಎಳನೀರಿನಲ್ಲಿ ಇದೇ ತೆಪ್ಪವನ್ನು ಬೆಳೆಸಿ, ತುಂಡುಮಾಡಿ, ಸಕ್ಕರೆ ಪಾಕದಲ್ಲಿ ಅದ್ದಿ ‘ನಾಟಾ ಡಿ ಕೋಕೋ’ ಎಂಬ ಸಿಹಿ ಮಾಡುತ್ತಾರೆ. ಅದರ ಎಳೆಗಳು ಹತ್ತಿಯ ಎಳೆಗಿಂತ ನೂರಾರು ಪಟ್ಟು ಸಪೂರ. ಅವುಗಳ ನಡುವಣ ಎಡೆಗಳಲ್ಲಿ ನಿಂತ ನೀರೇ ಇಡೀ ಹಾಳೆಯ ತೂಕದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿನಷ್ಟು. ನೀರನ್ನೇ ಹಾಳೆ ಮಾಡಿ ಎತ್ತಿದಂತೆ ಎಂದರೆ ಅತಿಶಯೋಕ್ತಿಯಾಗದು.

ಈ ಹಾಳೆಯನ್ನು ಕ್ಷಾರದಲ್ಲಿ ಕುದಿಸಿ, ಬ್ಯಾಕ್ಟೀರಿಯಾಗಳನ್ನು ಪೂರ್ತಿಯಾಗಿ ತೆಗೆದು ಶುದ್ಧಗೊಳಿಸಿ, ಸುಟ್ಟ ಗಾಯಗಳ ಮೇಲೆ ತಾತ್ಕಾಲಿಕ ಚರ್ಮದಂತೆ ಹೊದಿಸಿದವರಲ್ಲಿ ಬ್ರೆಜಿಲ್ ದೇಶದವರು ಮೊದಲಿಗರು. ಅವರ ಅನುಭವದ ವರದಿ 1990ರಲ್ಲಿ ಪ್ರಕಟವಾಯಿತು. ಹಾಳೆ ತಂಪಾಗಿ ಗಾಯದ ಮೇಲೆ ಕೂರುತ್ತದೆ, ನೋವು ತಗ್ಗುತ್ತದೆ; ಅಡಿಯಲ್ಲಿ ಹೊಸ ಚರ್ಮ ಮೂಡಿದ ಮೇಲೆ ತಾನಾಗಿಯೇ ಸಡಿಲಗೊಂಡು ಬರುತ್ತದೆ. ಕೀಳಬೇಕಾಗಿಲ್ಲ. ಈ ಒಂದು ಸಾಲನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಮ್ಮ ಅಡುಗೆಮನೆಯಲ್ಲಿ ಹಿಟ್ಟಿಗೊಂದು ಜರಡಿ, ರವೆಗೊಂದು ಜರಡಿ, ಕಾಳಿಗೊಂದು ಜರಡಿ ಇರುವುದನ್ನು ನೀವು ಬಲ್ಲಿರಿ. ಜರಡಿಯ ಬೆಲೆ ಇರುವುದು ಅದರ ತಂತಿಯಲ್ಲಿ ಅಲ್ಲ, ಕಣ್ಣಿನಲ್ಲಿ. ಕಣ್ಣು ಎಷ್ಟು ಅಗಲ ಎಂಬುದರ ಮೇಲೆ ಯಾವುದು ಇಳಿಯಬೇಕು, ಯಾವುದು ಉಳಿಯಬೇಕು ಎಂಬುದು ನಿರ್ಧಾರವಾಗುತ್ತದೆ. ಸೆಲ್ಯುಲೋಸಿನಿಂದಲೂ ಹೀಗೆ ಬಗೆಬಗೆಯ ಜರಡಿಗಳನ್ನು ಮಾಡಬಹುದು. ಅವುಗಳಲ್ಲಿ ಅತಿ ಸಣ್ಣ ಕಣ್ಣಿನ ಜರಡಿಯೊಂದು ಮನುಷ್ಯಕುಲಕ್ಕೆ ಮಾಡಿದ ಉಪಕಾರದ ಕಥೆ, ಎರಡನೆಯ ಮಹಾಯುದ್ಧದ ಕಾಲದ ಹಾಲೆಂಡಿನಲ್ಲಿ ನಡೆಯುತ್ತದೆ.

1938ರಲ್ಲಿ ಖ್ರೋನಿಂಗನ್ ನಗರದ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯನ ಕಣ್ಣೆದುರು ಇಪ್ಪತ್ತೆರಡು ವರ್ಷದ ಯುವಕನೊಬ್ಬ ಮೂತ್ರಪಿಂಡಗಳು ಕೆಟ್ಟು, ದೃಷ್ಟಿ ಮಂಕಾಗಿ, ಸ್ವಲ್ಪಸ್ವಲ್ಪವಾಗಿ ಸಾಯುತ್ತಿದ್ದ. ಅವನ ತಾಯಿಗೆ ಆ ಸುದ್ದಿಯನ್ನು ತಿಳಿಸುವ ಕೆಲಸ ಕೋಲ್ಫನ ಪಾಲಿಗೆ ಬಂದಿತು. ದಿನಕ್ಕೆ ಇಪ್ಪತ್ತು ಗ್ರಾಂ ಯೂರಿಯಾವನ್ನು ರಕ್ತದಿಂದ ಹೊರಹಾಕಲು ಸಾಧ್ಯವಾಗಿದ್ದರೆ ಈ ಹುಡುಗ ಬದುಕುತ್ತಿದ್ದನಲ್ಲವೇ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಇಪ್ಪತ್ತು ಗ್ರಾಂ - ನಾಲ್ಕು ಚಮಚದಷ್ಟು ಪುಡಿ! ಒಂದು ಜೀವಕ್ಕೂ ಸಾವಿಗೂ ನಡುವೆ ಇದ್ದ ಅಂತರ ಅಷ್ಟೇ.

ಸೆಲ್ಯುಲೋಸನ್ನು ಕರಗಿಸಿ ಮತ್ತೆ ಹಾಳೆಯಾಗಿ ಮಾಡಿದರೆ ಸಿಗುವ ಪಾರದರ್ಶಕ ವಸ್ತುವೇ ಸೆಲ್ಲೋಫೇನ್. ಅಲ್ಲಿಯ ಕಸಾಯಿಗಳು ಕೊಚ್ಚಿದ ಮಾಂಸವನ್ನು ತುಂಬಿ ಸಾಸೇಜ್ ಎಂಬ ತಿನಿಸನ್ನು ಮಾಡಲು ಸೆಲ್ಲೋಫೇನಿನ ಕೊಳವೆಗಳನ್ನು ಬಳಸುತ್ತಿದ್ದರು. ಕೋಲ್ಫ್ ಅಂಥ ಒಂದು ತುಂಡಿನಲ್ಲಿ ಯೂರಿಯಾ ಬೆರೆಸಿದ ರಕ್ತವನ್ನು ತುಂಬಿ, ಉಪ್ಪುನೀರಿನಲ್ಲಿ ಆಡಿಸಿ ನೋಡಿದ. ಐದು ನಿಮಿಷಗಳಲ್ಲಿ ಯೂರಿಯಾದ ಬಹುಪಾಲು ನೀರಿಗೆ ಇಳಿದಿತ್ತು. ರಕ್ತ ಮಾತ್ರ ಕೊಳವೆಯಲ್ಲೇ ಉಳಿದಿತ್ತು. ಸೆಲ್ಲೋಫೇನಿನ ಎಳೆಗಳ ನಡುವಣ ಎಡೆ ಯೂರಿಯಾದಂಥ ಸಣ್ಣ ಕಣಕ್ಕೆ ಬಾಗಿಲು. ರಕ್ತಕಣಕ್ಕೂ ಪ್ರೋಟೀನಿಗೂ ಗೋಡೆ. ಹೆಚ್ಚು ಇರುವ ಕಡೆಯಿಂದ ಕಡಮೆ ಇರುವ ಕಡೆಗೆ ಹರಿದುಹೋಗುವುದು ಕರಗಿದ ಕಣಗಳ ಸ್ವಭಾವ. ಆದ್ದರಿಂದ ಯಾರೂ ಹಿಂಡಬೇಕಾಗಿಲ್ಲ, ಸೋಸಬೇಕಾಗಿಲ್ಲ; ಎಡೆಯೊಂದನ್ನು ಕೊಟ್ಟರೆ ಸಾಕು, ವಿಷ ತಾನಾಗಿಯೇ ಹೊರಡುತ್ತದೆ.

ಅಷ್ಟರಲ್ಲಿ ಜರ್ಮನ್ ಸೇನೆ ಹಾಲೆಂಡನ್ನು ಆಕ್ರಮಿಸಿಕೊಂಡಿತು. ಕೋಲ್ಫ್ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಬಂದ. ಯುದ್ಧಕಾಲದಲ್ಲಿ ಎಲ್ಲಕ್ಕೂ ಅಭಾವ. ಊರಿನ ಎನಾಮೆಲ್ ಕಾರ್ಖಾನೆಯ ನೆರವಿನಿಂದ ತೊಟ್ಟಿಯೊಂದನ್ನು ಮಾಡಿಸಿಕೊಂಡ. ಅದರ ಮೇಲೆ ಪಟ್ಟಿಗಳಿಂದ ಮಾಡಿದ ಉರುಳೆಯನ್ನು ಅಡ್ಡಲಾಗಿ ಕೂರಿಸಿದ. ಉರುಳೆಯ ಸುತ್ತ ಹಲವು ಮೀಟರ್ ಉದ್ದದ ಸೆಲ್ಲೋಫೇನ್ ಕೊಳವೆಯನ್ನು ಸುತ್ತಿದ. ತಿರುಗುವ ಉರುಳೆಗೆ ರಕ್ತ ಸೋರದಂತೆ ಕೊಳವೆ ಜೋಡಿಸುವ ಉಪಾಯವನ್ನು ಮೋಟಾರು ಕಾರಿನ ನೀರಿನ ಪಂಪಿನಿಂದ ಕಲಿತ. 1943ರ ಮಾರ್ಚ್ ತಿಂಗಳಲ್ಲಿ ಮೊದಲ ರೋಗಿಯ ರಕ್ತ ಆ ಕೊಳವೆಯಲ್ಲಿ ಹರಿಯಿತು. ಆಕೆ ಉಳಿಯಲಿಲ್ಲ. ಎರಡು ವರ್ಷಗಳಲ್ಲಿ ಹದಿನಾರು ಮಂದಿಗೆ ಚಿಕಿತ್ಸೆ ನಡೆಯಿತು, ಫಲ ಅತ್ಯಲ್ಪ. ಬೇರೊಬ್ಬನಾಗಿದ್ದರೆ ಉರುಳೆಯನ್ನು ಒಲೆಗೆ ಹಾಕುತ್ತಿದ್ದನೇನೋ.

1945ರಲ್ಲಿ ಯುದ್ಧ ಮುಗಿದ ಮೇಲೆ ಹದಿನೇಳನೆಯ ರೋಗಿ ಬಂದಳು. ಅರವತ್ತೇಳು ವರ್ಷದ ಹೆಂಗಸು, ಪ್ರಜ್ಞೆ ತಪ್ಪಿತ್ತು. ನಾಜಿಗಳ ಪಕ್ಷ ವಹಿಸಿದ್ದಳೆಂಬ ಕಾರಣಕ್ಕೆ ಬಂಧನದಲ್ಲಿದ್ದವಳು. ಐದು ವರ್ಷ ನಾಜಿಗಳ ಕೈಯಲ್ಲಿ ನೊಂದ ಆ ನಾಡಿನಲ್ಲಿ ಅಂಥವಳ ಮೇಲೆ ಯಾರಿಗೂ ಕರುಣೆಯಿರಲಿಲ್ಲ. ಆದರೆ ಕೋಲ್ಫ್ ವೈದ್ಯ. ಹನ್ನೊಂದು ಗಂಟೆಗಳ ಕಾಲ ಆಕೆಯ ರಕ್ತ ಆ ಕೊಳವೆಯಲ್ಲಿ ಸುತ್ತಿತು. ಆಕೆ ಕಣ್ಣು ತೆರೆದಳು. ಮುಂದೆ ಏಳು ವರ್ಷ ಬದುಕಿ, ಬೇರೆ ಕಾಯಿಲೆಯಿಂದ ತೀರಿಕೊಂಡಳು. ಸೆಲ್ಲೋಫೇನಿನ ಎಡೆ ಕಣದ ಗಾತ್ರವನ್ನು ಕೇಳುತ್ತದೆಯೇ ಹೊರತು ರಕ್ತ ಯಾರದೆಂದು ಕೇಳುವುದಿಲ್ಲ. ವೈದ್ಯನೂ ಅಂದು ಕೇಳಲಿಲ್ಲ. ಕೋಲ್ಫ್ ತಾನು ಮಾಡಿಸಿದ್ದ ಯಂತ್ರಗಳನ್ನು ಯುದ್ಧಾನಂತರ ಬೇರೆ ಬೇರೆ ದೇಶಗಳ ಆಸ್ಪತ್ರೆಗಳಿಗೆ ದಾನವಾಗಿ ಕೊಟ್ಟುಬಿಟ್ಟ. ಅಮೆರಿಕಕ್ಕೆ ಹೋಗಿ ನೆಲಸಿ, 2009ರಲ್ಲಿ ತನ್ನ ತೊಂಬತ್ತೇಳನೆಯ ವಯಸ್ಸಿನಲ್ಲಿ ನಿಧನನಾದ.

ನನ್ನ ಜೊತೆಯಲ್ಲಿ ಕೆಲಸ ಮಾಡಿದ ಗಣಿತದ ಮೇಷ್ಟ್ರೊಬ್ಬರು ನಿವೃತ್ತರಾದ ಮೇಲೆ ಡಯಾಲಿಸಿಸ್ ಚಿಕಿತ್ಸೆಗೆ ಒಳಗಾಗಬೇಕಾಯಿತು. ವಾರಕ್ಕೆ ಎರಡು ದಿನ, ನಾಲ್ಕು ನಾಲ್ಕು ಗಂಟೆ. ನಾನು ಆಗಾಗ ಜೊತೆಗೆ ಹೋಗಿ ಕೂರುತ್ತಿದ್ದೆ. “ನೋಡಿ ಮೇಷ್ಟ್ರೇ, ಎಲ್ಲರ ಮೂತ್ರಪಿಂಡ ಹೊಟ್ಟೆಯೊಳಗಿದ್ದರೆ ನನ್ನದು ಗೋಡೆಯ ಪಕ್ಕ ನಿಂತಿದೆ” ಎಂದು ಅವರು ನಗುತ್ತಿದ್ದರು. ಆ ಯಂತ್ರಕ್ಕೆ ತಗಲಿಸಿದ ಒಂದು ಮೊಳದಷ್ಟೂ ಉದ್ದವಿಲ್ಲದ ಕೊಳವೆಯೊಳಗೆ ಕೂದಲಿನಂಥ ಸಾವಿರಾರು ಸಣ್ಣ ಕೊಳವೆಗಳಿದ್ದವು. ಒಂದೊಂದರ ಗೋಡೆಯೂ ಒಂದೊಂದು ಜರಡಿ. ದಶಕಗಳ ಕಾಲ ಆ ಗೋಡೆಗಳನ್ನು ಸೆಲ್ಯುಲೋಸಿನಿಂದಲೇ ಮಾಡುತ್ತಿದ್ದರು. ಆದರೆ ಸೆಲ್ಯುಲೋಸಿನ ಹಳೆಯ ಬಗೆಯ ಪೊರೆ ಹರಿಯುವ ರಕ್ತದ ರಕ್ಷಣಾವ್ಯವಸ್ಥೆಯನ್ನು ತುಸು ಕೆರಳಿಸುತ್ತಿದ್ದುದರಿಂದ, ಇಂದು ಹೆಚ್ಚಾಗಿ ಪಾಲಿಸಲ್ಫೋನ್ ಮೊದಲಾದ ಕೃತಕ ವಸ್ತುಗಳ ಪೊರೆ ಬಳಕೆಯಲ್ಲಿದೆ. ದಾರಿ ತೋರಿಸಿದ ಹಿರಿಯ ಪಕ್ಕಕ್ಕೆ ಸರಿದು ಕಿರಿಯನಿಗೆ ಎಡೆ ಕೊಟ್ಟಂತೆ. ನನ್ನ ಮಿತ್ರರು ನಾಲ್ಕು ವರ್ಷ ಹೀಗೆ ಬದುಕಿದರು. ಆ ನಾಲ್ಕು ವರ್ಷಗಳಲ್ಲಿ ಮಗಳ ಮದುವೆ ಮಾಡಿದರು. ಮೊಮ್ಮಗನಿಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿಸಿದರು. ರಂಧ್ರವೆಂಬ ಮಾತನ್ನು ಹಗುರವಾಗಿ ಆಡುವುದನ್ನು ನಾನು ಬಿಟ್ಟದ್ದು ಆಮೇಲೆ.

ಗಾಯಕ್ಕೆ ಹೊದಿಕೆಯಾಯಿತು, ರಕ್ತಕ್ಕೆ ಜರಡಿಯಾಯಿತು. ಈಗ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದ್ದಾರೆ. ಕೆಟ್ಟುಹೋದ ಅಂಗಾಂಶದ ಜಾಗದಲ್ಲಿ ಹೊಸ ಅಂಗಾಂಶವನ್ನೇ ಬೆಳೆಸಬಹುದೇ? ಗಾರೆಯವರು ಗೋಡೆ ಎತ್ತುವ ಮುನ್ನ ಬೊಂಬಿನ ಸಾರುವೆ ಕಟ್ಟುತ್ತಾರಷ್ಟೆ? ಜೀವಕೋಶಗಳಿಗೂ ಹತ್ತಿ ನಿಂತು ಹರಡಿಕೊಳ್ಳಲು ಅಂಥ ಸಾರುವೆ ಬೇಕು. ಮತ್ತು ಆ ಸಾರುವೆಯಲ್ಲಿ ಎಡೆಯಿರಲೇಬೇಕು. ನಮ್ಮ ದೇಹದ ಬಹುಪಾಲು ಜೀವಕೋಶಗಳು ರಕ್ತದ ಸೂಕ್ಷ್ಮನಾಳದಿಂದ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಕ್ಕಿಂತ ದೂರದಲ್ಲಿ ಬದುಕಲಾರವು. ಅಲ್ಲಿಗೆ ಆಮ್ಲಜನಕ ತಲಪುವುದಿಲ್ಲ. ಎಡೆ ತೀರ ಕಿರಿದಾದರೆ ಕೋಶ ಒಳಹೊಗದು. ಎಡೆ ಎಡೆಗಳ ನಡುವೆ ದಾರಿಯಿಲ್ಲದಿದ್ದರೆ ಹೊಕ್ಕ ಕೋಶ ಹಸಿದು ಸಾಯುತ್ತದೆ. ಆದ್ದರಿಂದ ಎಡೆಯನ್ನು ಬೇಕೆಂದೇ ನಿರ್ಮಿಸುತ್ತಾರೆ. ಸೆಲ್ಯುಲೋಸಿನ ತೇವವಾದ ಮುದ್ದೆಯನ್ನು ಹೆಪ್ಪುಗಟ್ಟಿಸಿದರೆ ಒಳಗೆ ಮಂಜಿನ ಹರಳುಗಳು ಬೆಳೆದು ಎಳೆಗಳನ್ನು ಪಕ್ಕಕ್ಕೆ ಒತ್ತುತ್ತವೆ. ಗಾಳಿಯೊತ್ತಡವನ್ನು ತಗ್ಗಿಸಿ ಆ ಮಂಜನ್ನು ನೀರಾಗಿಸದೆ ನೇರವಾಗಿ ಆವಿಯಾಗಿಸಿದರೆ ಹರಳು ಇದ್ದಲ್ಲೆಲ್ಲ ಗೂಡು ಉಳಿಯುತ್ತದೆ. ಸ್ವೀಡನ್ನಿನ ಸಂಶೋಧಕರು ಬ್ಯಾಕ್ಟೀರಿಯಾ ನೇಯುತ್ತಿರುವಾಗಲೇ ನಡುನಡುವೆ ಮೇಣದ ಸಣ್ಣ ಹರಳುಗಳನ್ನು ಇರಿಸಿ, ನೇಯ್ಗೆ ಮುಗಿದ ಮೇಲೆ ಮೇಣವನ್ನು ತೆಗೆದು ಗೂಡು ಮಾಡಿದ್ದಾರೆ.

ಇಷ್ಟೆಲ್ಲ ಶ್ರಮಪಟ್ಟು ಗೂಡು ಮಾಡುವುದೇಕೆ, ಗಿಡ ಮಾಡಿಟ್ಟ ಗೂಡನ್ನೇ ಬಳಸಬಾರದೇಕೆ ಎಂದು ಕೇಳಿದವರೂ ಉಂಟು. ನನ್ನ ವಿದ್ಯಾರ್ಥಿಗಳ ಪಠ್ಯಪುಸ್ತಕಗಳ ನಡುವೆ ಅರಳಿಯ ಎಲೆಯ ಬಲೆಯನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿ, ಕೊಳೆತ ಹಸುರನ್ನು ಮೆಲ್ಲಗೆ ತೊಳೆದು, ನರಗಳ ಜಾಲವನ್ನು ಒಣಗಿಸಿ ಇಟ್ಟುಕೊಳ್ಳುವ ಆ ಆಟವನ್ನು ನೀವೂ ಆಡಿರಬಹುದು. 2017ರಲ್ಲಿ ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯ ವಿಜ್ಞಾನಿಗಳು ಪಾಲಕ್ ಸೊಪ್ಪಿನ ಎಲೆಯ ಮೇಲೆ ಹೆಚ್ಚುಕಡಮೆ ಇದೇ ಕೆಲಸ ನಡೆಸಿದರು. ತೊಟ್ಟಿನ ಮೂಲಕ ಮಾರ್ಜಕದ ದ್ರಾವಣವನ್ನು ಹರಿಸಿ ಎಲೆಯ ಜೀವಕೋಶಗಳನ್ನು ತೊಳೆದು ಹಾಕಿದರು. ಹಸುರು ಹೋಗಿ, ಸೆಲ್ಯುಲೋಸಿನ ಪಾರದರ್ಶಕವಾದ ಎಲೆ ಉಳಿಯಿತು. ತೊಟ್ಟಿನಿಂದ ಕೆಂಪು ಬಣ್ಣವನ್ನು ಬಿಟ್ಟರೆ ಅದು ನಡುನರದಿಂದ ಕವಲುನರಗಳಿಗೆ ರಕ್ತದಂತೆ ಹರಿಯುತ್ತಿತ್ತು. ಆ ಎಲೆಯ ಮೇಲೆ ಮನುಷ್ಯನ ಹೃದಯದ ಸ್ನಾಯುಕೋಶಗಳನ್ನು ಬೆಳೆಸಿದಾಗ ಅವು ಮೂರು ವಾರಗಳವರೆಗೂ ಮಿಡಿಯುತ್ತಿದ್ದವು. ಸೊಪ್ಪಿನ ಎಲೆಯ ಮೇಲೆ ಹೃದಯದ ಮಿಡಿತ! ಕವಿಯೊಬ್ಬ ಹೀಗೆ ಬರೆದಿದ್ದರೆ ನಾವು ಅದನ್ನು ಉತ್ಪ್ರೇಕ್ಷೆ ಎಂದು ಗುರುತು ಹಾಕುತ್ತಿದ್ದೆವು.

ಅದಕ್ಕೂ ಮೊದಲು, 2014ರಲ್ಲಿ, ಕೆನಡಾದ ಒಟ್ಟಾವಾ ವಿಶ್ವವಿದ್ಯಾನಿಲಯದಲ್ಲಿ ಆಂಡ್ರ್ಯೂ ಪೆಲ್ಲಿಂಗ್ ಮತ್ತು ಅವರ ಸಂಗಡಿಗರು ಸೇಬಿನ ಹೋಳುಗಳನ್ನು ಹೀಗೆಯೇ ತೊಳೆದು, ಉಳಿದ ಗೂಡುಗಳಲ್ಲಿ ಪ್ರಾಣಿಗಳ ಹಾಗೂ ಮನುಷ್ಯರ ಜೀವಕೋಶಗಳನ್ನು ಬೆಳೆಸಿದ್ದರು. 2016ರಲ್ಲಿ ಅಂಥ ಹೋಳುಗಳನ್ನು ಇಲಿಗಳ ಚರ್ಮದ ಅಡಿಯಲ್ಲಿ ಎಂಟು ವಾರಗಳವರೆಗೆ ಇರಿಸಿ ನೋಡಿದ ಫಲಿತಾಂಶ ಪ್ರಕಟವಾಯಿತು. ಇಲಿಯ ದೇಹ ಅದನ್ನು ಹೊರದೂಡಲಿಲ್ಲ. ಜೀವಕೋಶಗಳು ಗೂಡುಗಳನ್ನು ಹೊಕ್ಕು ನೆಲಸಿದವು. ಅವುಗಳ ಹಿಂದೆಯೇ ರಕ್ತನಾಳಗಳೂ ಬೆಳೆದು ಬಂದವು. ಸೇಬು ಯಾರನ್ನೂ ಕರೆಯಲಿಲ್ಲ. ಎಡೆ ಕೊಟ್ಟಿತು, ಅಷ್ಟೆ.

ಇದನ್ನೆಲ್ಲ ಓದಿ, ನಾಳೆಯೇ ಸೇಬಿನ ಕಿವಿ, ಸೊಪ್ಪಿನ ಹೃದಯ ಅಂಗಡಿಯಲ್ಲಿ ಸಿಗುತ್ತವೆಂದು ನೀವು ತಿಳಿಯಬಾರದು. ಪ್ರಯೋಗಶಾಲೆಯ ಬಟ್ಟಲಿನಲ್ಲಿ ಮಿಡಿಯುವುದು ಬೇರೆ, ಮನುಷ್ಯನ ಎದೆಯಲ್ಲಿ ಮಿಡಿಯುವುದು ಬೇರೆ. ತೊಳೆಯಲು ಬಳಸಿದ ಮಾರ್ಜಕದ ಶೇಷ ಉಳಿದರೆ ಅದೇ ವಿಷವಾಗಬಹುದು. ಇನ್ನೊಂದು ತೊಡಕೂ ಇದೆ. ಕಟ್ಟಡ ಮುಗಿದ ಮೇಲೆ ಸಾರುವೆಯನ್ನು ಬಿಚ್ಚಬೇಕು. ನಮ್ಮ ದೇಹ ಸೆಲ್ಯುಲೋಸನ್ನು ಕರಗಿಸಲಾರದಾದ್ದರಿಂದ ಈ ಸಾರುವೆ ಒಳಗೇ ಉಳಿಯುತ್ತದೆ. ಆಕಾರ ಕೆಡದೆ ನಿಲ್ಲಬೇಕಾದ ಕಡೆ ಇದು ಗುಣ. ಕಾಲಕ್ರಮದಲ್ಲಿ ಮಾಯವಾಗಬೇಕಾದ ಕಡೆ ದೋಷ. ಉತ್ಕರ್ಷಣಕ್ರಿಯೆಗೆ ಒಳಪಡಿಸಿದ ಸೆಲ್ಯುಲೋಸ್ ಮಾತ್ರ ದೇಹದಲ್ಲಿ ಕರಗುತ್ತದೆ. ಅಂಥ ಬಟ್ಟೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸಲು 1940ರ ದಶಕದಿಂದಲೂ ಬಳಸುತ್ತ ಬಂದಿದ್ದಾರೆ. ಎಲ್ಲಿ ಉಳಿಯಬೇಕು, ಎಲ್ಲಿ ಅಳಿಯಬೇಕು ಎಂಬುದನ್ನು ಈ ಎಳೆಗೆ ಕಲಿಸುವ ಕೆಲಸ ಇನ್ನೂ ನಡೆಯುತ್ತಿದೆ. ಕೋಲ್ಫನಿಗೆ ಬೇಕಾದಷ್ಟೇ ತಾಳ್ಮೆ ಇಲ್ಲಿಯೂ ಬೇಕು. ಹದಿನಾರರ ಮುಂದೆ ಹದಿನೇಳು ಇದೆ ಎಂಬ ನಂಬಿಕೆಯೂ ಬೇಕು.

ಮನುಷ್ಯ ತನ್ನ ನೋವಿಗೆ ಮದ್ದನ್ನು ಯಾವಾಗಲೂ ತುಂಬುವುದರಲ್ಲಿಯೇ ಹುಡುಕಿದ್ದಾನೆ - ಲೇಪ ಹಚ್ಚುವುದು, ಕಷಾಯ ಕುಡಿಸುವುದು, ಸೂಜಿಯಿಂದ ಒಳಗೆ ಹಾಕುವುದು. ಸೆಲ್ಯುಲೋಸ್ ಏನನ್ನೂ ತುಂಬುವುದಿಲ್ಲ. ಅದರಲ್ಲಿ ಔಷಧವಿಲ್ಲ. ಗಾಯ ಮಾಯುವುದು ದೇಹದ ಸ್ವಂತ ಶಕ್ತಿಯಿಂದ. ರಕ್ತನಾಳ ಬೆಳೆಯುವುದೂ ಅದರ ಸ್ವಂತ ಶಕ್ತಿಯಿಂದ. ಆ ಶಕ್ತಿಗೆ ಅಡ್ಡ ಬಾರದೆ, ಕುಸಿಯದೆ, ಸ್ವಲ್ಪ ತೇವವನ್ನೂ ಸ್ವಲ್ಪ ತೆರವನ್ನೂ ಕಾದಿರಿಸಿ ನಿಲ್ಲುವುದಷ್ಟೇ ಎಳೆಯ ಕೆಲಸ. ತಾನು ಗಟ್ಟಿಯಾಗಿದ್ದೂ ಇನ್ನೊಬ್ಬರಿಗೆ ಎಡೆ ಕೊಡುವುದು ಸುಲಭವಲ್ಲ. ಗಟ್ಟಿಯಾದವರು ಸಾಮಾನ್ಯವಾಗಿ ಗೋಡೆಯಾಗುತ್ತಾರೆ, ಮೆತ್ತಗಿನವರು ಕುಸಿಯುತ್ತಾರೆ. ಎರಡೂ ಆಗದೆ ನಿಲ್ಲುವ ವಿದ್ಯೆಯನ್ನು ಹೊಲದ ಹತ್ತಿಯೂ ಅಂಗಳದ ಸೊಪ್ಪೂ ನಮಗಿಂತ ಎಷ್ಟೋ ಮೊದಲೇ ಬಲ್ಲವು. ಅವುಗಳ ಮುಂದೆ ಕುಳಿತು ಕಲಿಯುವ ಸರದಿ ಈಗ ನಿಮ್ಮದು.